ಹೂವಿನ ಪರಿಮಳದ ಕ್ರೀಮನ್ನು ಬಚ್ಚಲಲ್ಲಿ ಇಡಬೇಡಿ

ತೀರ್ಥಹಳ್ಳಿ, ಹೊಸನಗರ ಕಡೆಯ ಹಳೆ ಮನೆಗಳಲ್ಲಿ ಸೋಪು, ಎಣ್ಣೆ, ಕ್ರೀಮು ಎಲ್ಲಕ್ಕೂ ಒಂದೇ ಜಾಗ, ಬಚ್ಚಲುಮನೆಯ ಗೂಡು. ಪಕ್ಕದಲ್ಲೇ ಹಂಡೆ, ಕೆಳಗೆ ಒಲೆ. ಮಳೆಗಾಲದಲ್ಲಂತೂ ಆ ಒಲೆ ಆರುವುದೇ ಕಡಿಮೆ. ಪರಿಮಳದ ಕ್ರೀಮಿಗೆ ಈ ಬಿಸಿ ಆಗಿಬರುವುದಿಲ್ಲ.

ಕಾರಣ ಲಿನಲೂಲ್. ಲ್ಯಾವೆಂಡರ್, ಮಲ್ಲಿಗೆಯಲ್ಲಿರುವ ಪರಿಮಳದ ಅಂಶ ಇದು. ಕೊತ್ತಂಬರಿ ಬೀಜದ ಎಣ್ಣೆಯಲ್ಲಂತೂ ಅರ್ಧಕ್ಕಿಂತ ಜಾಸ್ತಿ ಇದೇ ಇರುತ್ತದೆ. ತಾಜಾ ಇದ್ದಾಗ ಅದರಿಂದ ಅಲರ್ಜಿ ಆಗುವುದು ಕಡಿಮೆ. ಗಾಳಿ ತಾಗಿ ತಾಗಿ ಅದು ಹೈಡ್ರೋಪೆರಾಕ್ಸೈಡ್ ಆಗಿ ಬದಲಾಗುತ್ತದೆ. ತುರಿಕೆ, ದದ್ದು ಎಬ್ಬಿಸುವುದು ಮುಖ್ಯವಾಗಿ ಈ ಹೊಸ ವಸ್ತು. ಬಿಸಿ ಇದ್ದರೆ ಈ ಬದಲಾವಣೆ ಇನ್ನೂ ಬೇಗ. ಪರಿಮಳ ಚೆನ್ನಾಗೇ ಇದೆಯಲ್ವಾ ಅಂತ ನಂಬಬೇಡಿ. ಮೂಸಿದರೆ ಇದು ಗೊತ್ತಾಗುವುದಿಲ್ಲ.

ಕೊಳ್ಳುವಾಗ ಮೊದಲು ಲೇಬಲ್ ಓದಿ. ಹಚ್ಚಿ ಬಿಡುವ ಕ್ರೀಮಿನಲ್ಲಿ ಲಿನಲೂಲ್ ಶೇ 0.001 ದಾಟಿದರೆ, ತೊಳೆದುಬಿಡುವ ಸೋಪು, ಶಾಂಪೂವಿನಲ್ಲಿ ಶೇ 0.01 ದಾಟಿದರೆ, ಹೆಸರು ಬರೆಯಲೇಬೇಕು ಎನ್ನುತ್ತದೆ ಯುರೋಪಿನ ಒಕ್ಕೂಟದ ಕಾನೂನು. ಅಗಲ ಬಾಯಿಯ ಡಬ್ಬಿಗಿಂತ ಟ್ಯೂಬ್ ಅಥವಾ ಪಂಪ್ ಬಾಟಲಿ ಒಳ್ಳೆಯದು, ಗಾಳಿ ಕಡಿಮೆ ಹೋಗುತ್ತದೆ.

ಮುಚ್ಚಳ ತೆರೆದ ದಿನವೇ ಬಾಟಲಿಯ ಮೇಲೆ ತಾರೀಕು ಬರೆದುಬಿಡಿ. ತೆರೆದ ಡಬ್ಬಿಯ ಚಿತ್ರದಲ್ಲಿ ‘6ಎಂ’ ಅಂತಿದ್ದರೆ ತೆರೆದ ಮೇಲೆ ಆರು ತಿಂಗಳು ಅಂತ ಅರ್ಥ. ಆಮೇಲೆ ಮಲಗುವ ಕೋಣೆಯ ಕಪಾಟಿನಲ್ಲಿ, ಬಿಸಿಲು ಬೀಳದ ಕಡೆ, ಮುಚ್ಚಳ ಬಿಗಿಯಾಗಿ ಹಾಕಿ ಇಡಿ.

ಮುಖಕ್ಕೆ ಹಚ್ಚುವ ಮೊದಲು ಮೊಣಕೈ ಮಡಚುವ ಒಳಭಾಗಕ್ಕೆ ಸ್ವಲ್ಪ ಹಚ್ಚಿ ನೋಡಿ. ದಿನಕ್ಕೆರಡು ಸಲ, ಏಳು ದಿನ. ಒಂದೇ ರಾತ್ರಿ ನೋಡಿ ಸರಿಯಿದೆ ಅನ್ನಬೇಡಿ, ಅಲರ್ಜಿ ಕಾಣಿಸಲು ಕೆಲವು ದಿನ ಬೇಕಾಗಬಹುದು.

ಇನ್ನೊಂದು ಮಾತು. ಲ್ಯಾವೆಂಡರ್ ಎಣ್ಣೆಯನ್ನು ಕೊಬ್ಬರಿ ಎಣ್ಣೆಗೆ ಬೆರೆಸಿ ಹಚ್ಚುವವರಿದ್ದಾರೆ. ಗಿಡದಿಂದ ಬಂದದ್ದು, ಏನೂ ಆಗುವುದಿಲ್ಲ ಎಂಬ ನಂಬಿಕೆ. ಅದರಲ್ಲಿರುವುದೂ ಇದೇ ಲಿನಲೂಲ್, ಅದಕ್ಕೂ ಗಾಳಿ ತಾಗುತ್ತದೆ. ದಯವಿಟ್ಟು ಹಳೆಯ ಬಾಟಲಿಯನ್ನು ಮಕ್ಕಳ ಮೈಗೆ ಹಚ್ಚಬೇಡಿ.

ತುರಿಕೆ ಶುರುವಾದರೆ ಅದೇ ದಿನ ನಿಲ್ಲಿಸಿ. ತುರಿಕೆ ಕಡಿಮೆಯಾಗದಿದ್ದರೆ ಚರ್ಮದ ಡಾಕ್ಟರ ಹತ್ತಿರ ಹೋಗಿ. ಯಾವುದರಿಂದ ಅಲರ್ಜಿ ಎಂದು ತಿಳಿಯಲು ಮಾಡುವ ಪ್ಯಾಚ್ ಟೆಸ್ಟ್‌ನಲ್ಲಿ ಬೆನ್ನಿಗೆ ಪಟ್ಟಿ ಅಂಟಿಸಿ ಎರಡು ದಿನ ಬಿಡುತ್ತಾರೆ, ಆಮೇಲೆ ಮತ್ತೊಮ್ಮೆ ನೋಡುತ್ತಾರೆ. ಹೋಗುವಾಗ ಬಾಟಲಿಯನ್ನೂ ಅದರ ಡಬ್ಬವನ್ನೂ ಜೊತೆಗೆ ಒಯ್ಯಿರಿ.