ಲಸಿಕೆಗೆ ಹಿಂಜರಿಯುವ ಅಪ್ಪ ಅಮ್ಮಂದಿರ ಜೊತೆ ಮಾತಾಡುವುದು ಹೇಗೆ?

ಮೊದಲು, ವಾದಕ್ಕೆ ಇಳಿಯಬೇಡಿ. "ನಿಮಗೆ ಯಾವುದರ ಭಯ?" ಅಂತ ಕೇಳಿ, ಸುಮ್ನೆ ಕೇಳಿಸಿಕೊಳ್ಳಿ. ಕೆಲವರಿಗೆ ಮಗು ಅಳುವುದನ್ನು ನೋಡೋಕೇ ಆಗಲ್ಲ, ಅಷ್ಟೇ.

ಲಸಿಕೆಯಿಂದ ಆಟಿಸಂ (ಮಗು ಮಾತಾಡುವ, ಬೇರೆಯವರ ಜೊತೆ ಬೆರೆಯುವ ರೀತಿಯ ಮೇಲೆ ಪರಿಣಾಮ ಬೀರುವ ಬೆಳವಣಿಗೆಯ ಸ್ಥಿತಿ) ಬರುತ್ತೆ ಅಂತ ಅವರು ಅಂದರೆ, ಆ ಸುದ್ದಿ ಹುಟ್ಟಿದ್ದು ಎಲ್ಲಿ ಅಂತ ಹೇಳಿ. 1998ರಲ್ಲಿ ಲ್ಯಾನ್ಸೆಟ್ ಅನ್ನೋ ವೈದ್ಯಕೀಯ ಪತ್ರಿಕೆಯಲ್ಲಿ ಬರೀ 12 ಮಕ್ಕಳನ್ನು ನೋಡಿ ಬರೆದ ಲೇಖನ ಅದು. 2010ರಲ್ಲಿ ಪತ್ರಿಕೆಯೇ ಅದನ್ನು ವಾಪಸ್ ತೆಗೆದುಕೊಂಡಿತು. ಆಮೇಲೆ ಲಕ್ಷಗಟ್ಟಲೆ ಮಕ್ಕಳ ಮೇಲೆ ನಡೆದ ಅಧ್ಯಯನಗಳಲ್ಲಿ ಅಂಥ ನಂಟು ಕಾಣಲಿಲ್ಲ.

"ಏನೂ ಆಗಲ್ಲ ಬಿಡಿ" ಅಂತ ಮಾತ್ರ ಹೇಳಬೇಡಿ. ಚುಚ್ಚಿದ ಜಾಗ ಕೆಂಪಾಗಿ ಊದಬಹುದು, ಒಂದೆರಡು ದಿನ ಜ್ವರ ಬರಬಹುದು, ದಡಾರ ಲಸಿಕೆಯ ಜ್ವರವಾದರೆ ಸಾಮಾನ್ಯವಾಗಿ ವಾರ ಕಳೆದ ಮೇಲೆ ಕಾಣಿಸಿಕೊಳ್ಳುತ್ತೆ, ಇದನ್ನೆಲ್ಲ ಮೊದಲೇ ಹೇಳದಿದ್ದರೆ ನಿಮ್ಮ ಮೇಲಿನ ನಂಬಿಕೆ ಅಲ್ಲಿಗೇ ಮುಗೀತು. ಜೋರು ಅಲರ್ಜಿ ತುಂಬಾ ಅಪರೂಪ. ಅದಕ್ಕೇ ಅಲ್ವಾ, ಚುಚ್ಚಿದ ಮೇಲೆ ಸ್ವಲ್ಪ ಹೊತ್ತು ಅಲ್ಲೇ ಕೂರಿಸುವುದು?

ದಡಾರದ ವೈರಸ್ ರೋಗಿ ಎದ್ದು ಹೋದ ಮೇಲೂ 2 ಗಂಟೆವರೆಗೆ ಗಾಳಿಯಲ್ಲಿ ಇರಬಲ್ಲದು. ಇದನ್ನೂ ಹೇಳಿ, ಹೆದರಿಸುವ ದನಿಯಲ್ಲಿ ಬೇಡ.

ಮಗುವಿಗೆ ಹಿಂದೆ ಅಲರ್ಜಿ ಆಗಿದ್ದರೆ ನೀವೇ ತೀರ್ಪು ಕೊಡಬೇಡಿ, ಮಕ್ಕಳ ಡಾಕ್ಟರ್ ಹತ್ತಿರ ಕಳಿಸಿ. ಪ್ರಶ್ನೆಗಳನ್ನು ಚೀಟಿಯಲ್ಲಿ ಬರೆದುಕೊಂಡು ಹೋಗಲಿ. ಒಂದೇ ಸಲಕ್ಕೆ ಒಪ್ಪದಿದ್ದರೆ ಜಾಸ್ತಿ ಒತ್ತಾಯ ಬೇಡ, ಕೆಲವು ದಿನ ಬಿಟ್ಟು ಮತ್ತೆ ಮಾತಾಡಿ.