ಎಕ್ಸ್‌ಪೆಕ್ಟೆಡ್ ಸಿಟಿಸಿ ಎಷ್ಟು ಅಂದಾಗ ನಾನು ಹೇಳಿದ್ದು

ನನ್ನ ಮೊದಲ ಸಂಬಳದ ಮಾತುಕತೆ ಒಂದೂವರೆ ನಿಮಿಷದಲ್ಲಿ ಮುಗಿದಿತ್ತು. 2019ರ ಮಾತು. ಎಚ್‌ಆರ್ ಫೋನ್ ಮಾಡಿ "ಕರೆಂಟ್ ಸಿಟಿಸಿ?" ಅಂದರು. ಸಿಟಿಸಿ ಅಂದರೆ ಕಂಪನಿ ನಮ್ಮ ಮೇಲೆ ವರ್ಷಕ್ಕೆ ಮಾಡುವ ಒಟ್ಟು ಖರ್ಚು. 4.8 ಲಕ್ಷ ಅಂದೆ. "ಎಕ್ಸ್‌ಪೆಕ್ಟೆಡ್?" ಅಂದರು. "ಆ್ಯಸ್ ಪರ್ ಕಂಪನಿ ನಾರ್ಮ್ಸ್" ಅಂದೆ. ಕಾಲೇಜಿನ ಪ್ಲೇಸ್‌ಮೆಂಟ್ ಟ್ರೈನಿಂಗ್‌ನಲ್ಲಿ ಹಾಗೇ ಹೇಳಿಕೊಟ್ಟಿದ್ದರು, ಜಾಸ್ತಿ ಕೇಳಿದರೆ ದುರಾಸೆ ಅಂದುಕೊಳ್ಳುತ್ತಾರೆ ಅಂತ. 30 ಪರ್ಸೆಂಟ್ ಹೈಕ್ ಕೊಟ್ಟರು, 6.24 ಲಕ್ಷ. ಆ ದಿನ ಪಿಜಿಯ ಹುಡುಗಿಯರಿಗೆಲ್ಲ ಐಸ್‌ಕ್ರೀಮ್ ಕೊಡಿಸಿದ್ದೆ.

ಎಂಟು ತಿಂಗಳಾದ ಮೇಲೆ ಆಫೀಸಿನ ಪ್ರಿಂಟರ್‌ನಲ್ಲಿ ಯಾರೋ ಮರೆತು ಬಿಟ್ಟಿದ್ದ ಪೇಸ್ಲಿಪ್ ಸಿಕ್ಕಿತು. ಪಕ್ಕದ ಸೀಟಿನ ಹುಡುಗನದು. ನನ್ನಷ್ಟೇ ವರ್ಷ ಅನುಭವ, ನನ್ನದೇ ಟೀಮು, ಅವನ ಕೋಡ್ ರಿವ್ಯೂ ಮಾಡುತ್ತಿದ್ದವಳೇ ನಾನು. ವರ್ಷಕ್ಕೆ ಒಂಬತ್ತೂವರೆ ಲಕ್ಷ. ಎರಡು ದಿನ ಅವನ ಜೊತೆ ಸರಿಯಾಗಿ ಮಾತೇ ಆಡಲಿಲ್ಲ, ಪಾಪ ಅವನದೇನು ತಪ್ಪು. ಮೂರನೇ ದಿನ ಕ್ಯಾಂಟೀನ್‌ನಲ್ಲಿ ನೇರವಾಗಿ ಕೇಳಿದೆ: ಎಚ್‌ಆರ್‌ಗೆ ಏನು ಹೇಳಿದ್ದೆ ನೀನು? "ಹತ್ತು ಬೇಕು ಅಂದೆ. ಒಂಬತ್ತೂವರೆ ಕೊಟ್ರು" ಅಂದ. ಅಷ್ಟೇ.

ಆಗ ಅರ್ಥವಾಯಿತು. 2016ರಲ್ಲಿ ಕ್ಯಾಂಪಸ್‌ನಿಂದ ಎಲೆಕ್ಟ್ರಾನಿಕ್ ಸಿಟಿಯ ಸರ್ವಿಸ್ ಕಂಪನಿಗೆ 3.4 ಲಕ್ಷಕ್ಕೆ ಸೇರಿದ್ದೆ. ಅಲ್ಲಿಂದ ಪ್ರತಿ ಸಂಬಳವೂ ಹಿಂದಿನದರ ಮೇಲೆ ಇಷ್ಟು ಪರ್ಸೆಂಟ್ ಅಂತಲೇ ನಿರ್ಧಾರವಾಗುತ್ತಿತ್ತು. ನಾನು ಏನು ಕಲಿತೆ, ಏನು ಮಾಡಬಲ್ಲೆ ಅನ್ನೋದಕ್ಕೆ ಲೆಕ್ಕವೇ ಇಲ್ಲ. ಇಪ್ಪತ್ತೆರಡನೇ ವಯಸ್ಸಿನಲ್ಲಿ ಸಿಕ್ಕ ಒಂದು ನಂಬರ್ ಬೆನ್ನಿಗೆ ಅಂಟಿಕೊಂಡು ಬರುತ್ತಿತ್ತು.

2021ರ ಕೊನೆಗೆ ಮತ್ತೆ ಹುಡುಕೋಕೆ ಶುರು ಮಾಡಿದೆ. ಆಗ ವರ್ಕ್ ಫ್ರಮ್ ಹೋಮ್, ತಿಪಟೂರಿನ ಹತ್ತಿರ ನಮ್ಮ ಊರಲ್ಲೇ ಇದ್ದೆ. ಸಂಬಳ 7.4ಕ್ಕೆ ಬಂದಿತ್ತು. ಕೆಲಸ ಹುಡುಕುವ ವೆಬ್‌ಸೈಟ್ ನೌಕ್ರಿಯಲ್ಲಿ ಪ್ರೊಫೈಲ್ ಹಾಕಿ, ದಿನಾ ಬೆಳಿಗ್ಗೆ ಅದರಲ್ಲಿ ಒಂದು ಪದ ಆಚೀಚೆ ಮಾಡಿ ಸೇವ್ ಮಾಡುತ್ತಿದ್ದೆ. ಹಾಗೆ ಮಾಡಿದರೆ ರಿಕ್ರೂಟರ್‌ಗಳ ಸರ್ಚ್‌ನಲ್ಲಿ ಮೇಲೆ ಬರುತ್ತೇವೆ ಅಂತ ಎಲ್ಲರೂ ಹೇಳುತ್ತಾರೆ, ನನಗಂತೂ ಕಾಲ್‌ಗಳು ಬಂದವು. ಅರ್ಧ ಕಾಲ್ ಕೆಲಸಕ್ಕೆ ಬಾರದವು. ಜಾವಾ ಅಂತ ಹಾಕಿದ್ದರೆ ಜಾವಾಸ್ಕ್ರಿಪ್ಟ್ ಕೆಲಸಕ್ಕೆ ಕರೆಯೋರು, ಅವೆರಡೂ ಬೇರೆ ಬೇರೆ ಭಾಷೆ. ಇನ್ನರ್ಧ ಜನ ನೋಟಿಸ್ ಪೀರಿಯಡ್ (ರಾಜೀನಾಮೆ ಕೊಟ್ಟ ಮೇಲೂ ಕೆಲಸ ಮಾಡಬೇಕಾದ ಅವಧಿ) 90 ದಿನ ಅಂದ ತಕ್ಷಣ ಫೋನ್ ಇಡೋರು.

ಇಂಟರ್‌ವ್ಯೂಗಳಲ್ಲಿ ನಾನು ಸೋತಿದ್ದು ಗೊತ್ತಿಲ್ಲದ್ದಕ್ಕಲ್ಲ, ಸುಮ್ಮನಿದ್ದಿದ್ದಕ್ಕೆ. ಮೊದಲ ಕೋಡಿಂಗ್ ರೌಂಡ್‌ನಲ್ಲಿ ಒಂದು ಸ್ಟ್ರಿಂಗ್ ಕೊಟ್ಟು, ಅದರಲ್ಲಿ ಒಂದೇ ಸಲ ಬರುವ ಮೊದಲ ಅಕ್ಷರ ಹುಡುಕಿ ಅಂದರು. ಯಾವ ಅಕ್ಷರ ಎಷ್ಟು ಸಲ ಬಂತು ಅಂತ ಹ್ಯಾಶ್‌ಮ್ಯಾಪ್‌ನಲ್ಲಿ ಬರೆದಿಟ್ಟುಕೊಂಡು ಎರಡು ಸಲ ಓಡಿಸಿದರೆ ಮುಗೀತು, ಕೋಡಿಂಗ್ ಅಭ್ಯಾಸದ ಸೈಟ್ ಲೀಟ್‌ಕೋಡ್‌ನಲ್ಲಿ ಹತ್ತು ಸಲ ಮಾಡಿದ್ದೆ. ಇಪ್ಪತ್ತು ನಿಮಿಷ ತುಟಿ ಬಿಚ್ಚದೆ ಬರೆದು ಮುಗಿಸಿದೆ. ರಿಜೆಕ್ಟ್. ಒಳ್ಳೆ ಮನುಷ್ಯ ಅವರು, ಕಾರಣ ಹೇಳಿದರು: ಉತ್ತರ ಸರಿ ಇದೆ, ಆದರೆ ನೀವು ಹೇಗೆ ಯೋಚಿಸಿದಿರಿ ಅಂತ ನನಗೆ ಗೊತ್ತೇ ಆಗಲಿಲ್ಲ. ಬಾಯಿಪಾಠ ಮಾಡಿದ್ದೋ ನೀವೇ ಕಂಡುಕೊಂಡಿದ್ದೋ ಹೇಗೆ ತಿಳಿಯಬೇಕು?

ಹತ್ತನೇ ಕ್ಲಾಸ್‌ವರೆಗೆ ಕನ್ನಡ ಮೀಡಿಯಂ ನಾನು. ತಲೆಯೊಳಗೆ ಕನ್ನಡದಲ್ಲಿ ಯೋಚಿಸಿ, ಇಂಗ್ಲಿಷಿಗೆ ತಿರುಗಿಸಿ, ಗ್ರಾಮರ್ ಸರಿ ಇದೆಯಾ ಅಂತ ನೋಡಿ, ಆಮೇಲೆ ಬಾಯಿಗೆ ತರುವಷ್ಟರಲ್ಲಿ ಕೈ ಮುಂದಕ್ಕೆ ಹೋಗಿಬಿಟ್ಟಿರುತ್ತದೆ. ಹಾಗಾಗಿ ತಾರಸಿ ಮೇಲೆ ಕೂತು ಜೋರಾಗಿ ಮಾತಾಡುತ್ತಾ ಪ್ರಾಬ್ಲಮ್ ಬಿಡಿಸೋಕೆ ಶುರು ಮಾಡಿದೆ. ಮೊದಲ ವಾರ ಬರೀ ಕನ್ನಡದಲ್ಲಿ. "ಇಲ್ಲಿ ಎರಡು ಲೂಪ್ ಹಾಕಬಹುದು, ಆದ್ರೆ ಇನ್‌ಪುಟ್ ದೊಡ್ಡದಾದ್ರೆ ನಿಧಾನ ಆಗತ್ತೆ, ಹಾಗಾಗಿ ನೋಡಿದ ಅಕ್ಷರಾನ ಒಂದು ಕಡೆ ಬರೆದಿಟ್ಕೋತೀನಿ." ಆಮೇಲೆ ಅದನ್ನೇ ನಿಧಾನಕ್ಕೆ ಇಂಗ್ಲಿಷಿನಲ್ಲಿ. ಒಗೆದ ಬಟ್ಟೆ ಹರವೋಕೆ ಬಂದ ಅಮ್ಮ ಒಂದು ದಿನ ನಿಂತು ನೋಡಿ, "ಯಾರ ಹತ್ರ ಜಗಳ ಆಡ್ತಿದೀಯಾ?" ಅಂದಳು. ಎರಡು ತಿಂಗಳು ಹೀಗೇ ನಡೆಯಿತು. ನನ್ನ ಇಂಗ್ಲಿಷ್ ಸುಧಾರಿಸಿತು ಅಂತೇನೂ ಇಲ್ಲ, ತಪ್ಪು ಇಂಗ್ಲಿಷಿನಲ್ಲೇ ನಿಲ್ಲಿಸದೆ ಮಾತಾಡೋದು ರೂಢಿಯಾಯಿತು. ಕೇಳೋರಿಗೆ ಅಷ್ಟು ಸಾಕು.

ಒಂದು ದೊಡ್ಡ ಸಾಫ್ಟ್‌ವೇರನ್ನ ಹೇಗೆ ಕಟ್ಟುತ್ತೀರಿ ಅಂತ ಕೇಳುವ ಸಿಸ್ಟಮ್ ಡಿಸೈನ್ ರೌಂಡ್‌ಗೆ ಬೇರೆ ಉಪಾಯ ಸಿಕ್ಕಿತು. ವಿಡಿಯೊ ನೋಡಿ ದೊಡ್ಡ ದೊಡ್ಡ ಕಂಪನಿಗಳ ಚಿತ್ರ ಗೀಚೋದು ಬಿಟ್ಟು, ನಾನೇ ಕೆಲಸ ಮಾಡಿದ ಪೇಮೆಂಟ್ ಸಿಸ್ಟಮ್ ತಗೊಂಡೆ. ದುಡ್ಡು ಕಟ್ ಆಗಿ ಆರ್ಡರ್ ಆಗದಿದ್ದಾಗ ನಾವು ಏನು ಮಾಡಿದ್ವಿ, ಒಂದೇ ರಿಕ್ವೆಸ್ಟ್ ಎರಡು ಸಲ ಬಂದರೆ ಎರಡು ಸಲ ದುಡ್ಡು ಹೋಗದ ಹಾಗೆ ಹೇಗೆ ತಡೆದ್ವಿ, ಅದನ್ನೇ ಹೇಳಿದೆ. ರಾತ್ರಿ ಎರಡಕ್ಕೆ ಎದ್ದು ಸರಿ ಮಾಡಿದ ವಿಷಯ, ಯಾವ ಕಡೆಯಿಂದ ತಿರುಗಿಸಿ ಕೇಳಿದರೂ ಉತ್ತರ ಇರುತ್ತಿತ್ತು. ಕರೆಂಟ್ ಹೋಗಿ ಎರಡು ಸಲ ಮಧ್ಯದಲ್ಲೇ ಕಟ್ ಆಯಿತು, ಮೊಬೈಲ್ ಹಾಟ್‌ಸ್ಪಾಟ್ ಹಾಕಿಕೊಂಡು ಮತ್ತೆ ಸೇರಿದೆ. ಯಾರೂ ಏನೂ ಅನ್ನಲಿಲ್ಲ.

ನಾಲ್ಕು ಕಡೆ ಸೋತೆ. ಒಂದು ಕಡೆ ಎಲ್ಲ ರೌಂಡ್ ಮುಗಿದ ಮೇಲೆ ಎಚ್‌ಆರ್ "ಮದುವೆ ಪ್ಲಾನ್ ಏನಾದ್ರೂ ಇದೆಯಾ?" ಅಂದರು. ಕೆಲಸಕ್ಕೂ ಅದಕ್ಕೂ ಏನು ಸಂಬಂಧ ಮೇಡಂ ಅಂದೆ. ಮತ್ತೆ ಅವರ ಫೋನ್ ಬರಲಿಲ್ಲ.

ಈಗ ದುಡ್ಡಿನ ವಿಷಯ. ಒಂದು ದಿನ ಜಗಲಿಯಲ್ಲಿ ಕೂತು ಒಬ್ಬ ರಿಕ್ರೂಟರ್ ಜೊತೆ ಮಾತಾಡುತ್ತಾ, ಹಳೇ ಚಾಳಿ, "ನೀವೇ ನೋಡಿ ಹೇಳಿ ಸರ್" ಅಂದುಬಿಟ್ಟೆ. ಅಪ್ಪ ಅಲ್ಲೇ ಕೊಬ್ಬರಿ ಸುಲಿಸುತ್ತಿದ್ದರು. ಫೋನ್ ಇಟ್ಟ ಮೇಲೆ, "ಅಲ್ಲ ಕಣಮ್ಮ, ಈಗ ಕೈಲಿ ಕೆಲ್ಸ ಐತಲ್ಲ, ಏನು ಅವಸರ ನಿಂಗೆ?" ಅಂದರು. ನಮ್ಮ ಕಡೆ ತೆಂಗಿನಕಾಯಿ ಅಟ್ಟಕ್ಕೆ ಹಾಕಿ ಹತ್ತು ಹನ್ನೊಂದು ತಿಂಗಳು ಬಿಟ್ಟರೆ ಉಂಡೆ ಕೊಬ್ಬರಿ ಆಗುತ್ತದೆ. ಆಮೇಲೂ ರೇಟ್ ಹಿಡಿಸದಿದ್ದರೆ ಸುಲಿಯೋದೇ ಇಲ್ಲ, ಅಟ್ಟದಲ್ಲೇ ಬಿಡುತ್ತಾರೆ. ಮಗಳ ಮದುವೆಗೋ ಆಸ್ಪತ್ರೆಗೋ ಅಂತ ದುಡ್ಡಿನ ಅವಸರ ಬಿದ್ದವನು ಮಾತ್ರ ಸಿಕ್ಕಿದ ರೇಟಿಗೆ ಕೊಟ್ಟು ಬರುತ್ತಾನೆ. ನೆಗೋಷಿಯೇಷನ್ ಬಗ್ಗೆ ನಾನು ನೋಡಿದ ಅಷ್ಟೂ ವಿಡಿಯೊಗಳಿಗಿಂತ ಇದು ನನಗೆ ಚೆನ್ನಾಗಿ ತಲೆಗೆ ಹೋಯಿತು. ಅವತ್ತಿಂದ ಒಂದೇ ಆಫರ್ ಇಟ್ಟುಕೊಂಡು ಸಂಬಳದ ಮಾತಾಡಬಾರದು ಅಂತ ತೀರ್ಮಾನ ಮಾಡಿ, ಇಂಟರ್‌ವ್ಯೂಗಳನ್ನೆಲ್ಲ ಮೂರು ವಾರದ ಒಳಗೆ ಬರುವ ಹಾಗೆ ಜೋಡಿಸಿಕೊಂಡೆ. ಆಫರ್‌ಗಳೂ ಹತ್ತಿರ ಹತ್ತಿರ ಬರಲಿ ಅಂತ.

ಹಾಗೇ, ಆ ವಿಡಿಯೊಗಳಲ್ಲಿ "ಹಳೆ ಸಂಬಳ ಹೇಳಲೇಬೇಡಿ" ಅಂತಾರಲ್ಲ, ಅದು ಅಮೆರಿಕದ ಮಾತು. ಕ್ಯಾಲಿಫೋರ್ನಿಯಾದಲ್ಲಿ 2018ರಿಂದ ಹಳೆ ಸಂಬಳ ಕೇಳೋದೇ ಕಾನೂನಿಗೆ ವಿರುದ್ಧ. ಬೆಂಗಳೂರಿನಲ್ಲಿ ಹೇಳಲ್ಲ ಅಂದರೆ ಫಾರ್ಮ್ ಮುಂದಕ್ಕೇ ಹೋಗಲ್ಲ, ಕೊನೆಗೆ ಮೂರು ತಿಂಗಳ ಪೇಸ್ಲಿಪ್ ಕೇಳೇ ಕೇಳುತ್ತಾರೆ. ಫ್ರೆಂಡ್ ಒಬ್ಬಳು ಪೇಸ್ಲಿಪ್ ಎಡಿಟ್ ಮಾಡಿ ಕೊಡು ಅಂದಳು. ಸಂಬಳ, ಟ್ಯಾಕ್ಸ್ ಲೆಕ್ಕದ ಫಾರ್ಮ್ 16 ಇರುತ್ತದೆ, ಪಿಎಫ್ ಖಾತೆಯ ನಂಬರ್ ಯುಎಎನ್‌ನಲ್ಲಿ ಎಲ್ಲಾ ಹಿಸ್ಟರಿ ಇರುತ್ತದೆ, ಬ್ಯಾಕ್‌ಗ್ರೌಂಡ್ ವೆರಿಫಿಕೇಷನ್‌ನಲ್ಲಿ ಸಿಕ್ಕಿಬಿದ್ದರೆ ಸೇರಿದ ಮೇಲೂ ತೆಗೆಯುತ್ತಾರೆ. ಆ ಸಹವಾಸವೇ ಬೇಡ. ನಾನು ಮಾಡಿದ್ದು ಇಷ್ಟು: ನಿಜವಾದ ನಂಬರ್ ಹೇಳೋದು, ಉಸಿರು ತೆಗೆದುಕೊಳ್ಳದೆ ಅದೇ ವಾಕ್ಯದಲ್ಲಿ ನನಗೆ ಬೇಕಾದ ನಂಬರ್ ಹೇಳೋದು. "ಈಗ 7.4 ಇದೆ, ಅದು ಕ್ಯಾಂಪಸ್ ಪ್ಯಾಕೇಜ್ ಮೇಲೆ ಬೆಳೆದು ಬಂದಿದ್ದು, ಆರು ವರ್ಷ ಅನುಭವದ ಬ್ಯಾಕೆಂಡ್ ಕೆಲಸಕ್ಕೆ ಈಗ 16ರಿಂದ 20 ನಡೀತಿದೆ, ನಾನು 18 ನೋಡ್ತಿದ್ದೀನಿ, ನಿಮ್ಮ ಬಜೆಟ್ ಎಷ್ಟಿದೆ?" ಆ 16–20 ಅನ್ನೋದು ಗಾಳಿಯಲ್ಲಿ ಹೇಳಿದ್ದಲ್ಲ. ಯಾವ ಕಂಪನಿಯಲ್ಲಿ ಎಷ್ಟು ಸಂಬಳ ಅಂತ ತೋರಿಸುವ ಆ್ಯಂಬಿಷನ್‌ಬಾಕ್ಸ್ ಸೈಟ್ ನೋಡಿದ್ದೆ, ಹಳೇ ಟೀಮಿನ ಐದು ಜನಕ್ಕೆ ಫೋನ್ ಮಾಡಿ ನಾಚಿಕೆ ಬಿಟ್ಟು ಕೇಳಿದ್ದೆ. ನನ್ನದು ಮೊದಲು ಹೇಳಿದರೆ ಅವರದ್ದನ್ನೂ ಹೇಳುತ್ತಾರೆ. ಇಬ್ಬರು ರಿಕ್ರೂಟರ್‌ಗಳು "7.4ಗೆ 18ಆ?" ಅಂತ ನಕ್ಕರು. ನಗಲಿ ಬಿಡಿ. ಉಳಿದವರು ಬಜೆಟ್ ಹೇಳಿದರು.

2022ರ ಏಪ್ರಿಲ್‌ನಲ್ಲಿ ಎರಡು ಆಫರ್ ಕೈಗೆ ಬಂದವು. ಒಂದು 18 ಲಕ್ಷ, ಇನ್ನೊಂದು 16.5. ಯಾರಾದರೂ 18 ಅಂತಾರೆ, ಅಲ್ವಾ? ಪೇಪರ್ ಪೆನ್ನು ತಗೊಂಡು ಬಿಡಿಸಿದೆ. 18ರಲ್ಲಿ 1 ಲಕ್ಷ ಜಾಯ್ನಿಂಗ್ ಬೋನಸ್, ಒಂದೇ ಸಲ ಬರೋದು, ವರ್ಷದೊಳಗೆ ಬಿಟ್ಟರೆ ವಾಪಸ್ ಕಟ್ಟಬೇಕು. 1.6 ಲಕ್ಷ ವೇರಿಯೇಬಲ್, ಅಂದರೆ ಸಿಕ್ಕೇ ಸಿಗುತ್ತೆ ಅನ್ನೋ ಹಾಗಿಲ್ಲದ ಭಾಗ, ಕಂಪನಿಗೆ ಮನಸ್ಸಿದ್ದರೆ ಪೂರ್ತಿ. ಬೇಸಿಕ್ ತಿಂಗಳಿಗೆ 48,000, ಅದರ 12 ಪರ್ಸೆಂಟ್ ಕಂಪನಿ ಕಟ್ಟುವ ಪಿಎಫ್, ವರ್ಷಕ್ಕೆ 69,120, ಅದೂ ನನ್ನ ಸಿಟಿಸಿಯಲ್ಲೇ. 4.81 ಪರ್ಸೆಂಟ್ ಗ್ರಾಚುಟಿ, 27 ಸಾವಿರ ಚಿಲ್ಲರೆ. ಅದು ಕೈಗೆ ಬರಬೇಕಾದರೆ ಐದು ವರ್ಷ ಅಲ್ಲೇ ಇರಬೇಕು. ಇನ್ಶೂರೆನ್ಸ್ 15 ಸಾವಿರ. ಎಲ್ಲಾ ಕಳೆದರೆ ತಿಂಗಳಿಗೆ ಗ್ರಾಸ್ 1.19 ಲಕ್ಷ. ನನ್ನ ಪಾಲಿನ ಪಿಎಫ್, 200 ರೂಪಾಯಿ ಪ್ರೊಫೆಷನಲ್ ಟ್ಯಾಕ್ಸ್, ಸಂಬಳದಲ್ಲೇ ಹಿಡಿಯುವ ಆದಾಯ ತೆರಿಗೆ (ಟಿಡಿಎಸ್) ಹೋಗಿ ಸುಮಾರು ಒಂದು ಲಕ್ಷ ಕೈಗೆ. ಹದಿನೆಂಟನ್ನ ಹನ್ನೆರಡರಿಂದ ಭಾಗಿಸಿ ಒಂದೂವರೆ ಲಕ್ಷ ಅಂತ ಕನಸು ಕಂಡಿದ್ದೆ. 16.5ರಲ್ಲಿ ಬೋನಸ್ಸೂ ಇಲ್ಲ ವೇರಿಯೇಬಲ್ಲೂ ಇಲ್ಲ, ಹಾಗಾಗಿ ಗ್ರಾಸ್ 1.28 ಲಕ್ಷ. ಕಮ್ಮಿ ಆಫರ್‌ನಲ್ಲಿ ತಿಂಗಳಿಗೆ 9,000 ಜಾಸ್ತಿ!

(ಇವೆರಡರ ಜೊತೆ ಮೂರನೇದೂ ಒಂದು ಬಂದಿತ್ತು, ಸ್ಟಾರ್ಟಪ್ಪು, 12 ಲಕ್ಷ ಮತ್ತು 6 ಲಕ್ಷದ ಇಸಾಪ್, ಅಂದರೆ ಕಂಪನಿಯ ಶೇರ್ ಪಡೆಯುವ ಹಕ್ಕು. ಮೊದಲ ವರ್ಷ ಏನೂ ಇಲ್ಲ, ನಾಲ್ಕು ವರ್ಷದಲ್ಲಿ ಪೂರ್ತಿ. ಒಟ್ಟು ಎಷ್ಟು ಶೇರ್ ಇವೆ, ಅದರಲ್ಲಿ ನನಗೆಷ್ಟು ಅಂತ ಕೇಳಿದೆ. ಆ ಪ್ರಶ್ನೆಗೆ ಉತ್ತರವೇ ಬರಲಿಲ್ಲ, ಬಿಟ್ಟುಬಿಟ್ಟೆ.)

16.5ರವರಿಗೆ ಫೋನ್ ಮಾಡಿದೆ. ಕೆಲಸ ನನಗೆ ಇಷ್ಟವಾಗಿದೆ, ಇನ್ನೊಂದು ಕಡೆ 18 ಇದೆ, ನೀವು 18 ಫಿಕ್ಸೆಡ್ ಕೊಟ್ಟರೆ ಇವತ್ತೇ ಸೈನ್ ಮಾಡ್ತೀನಿ ಅಂದೆ. ಆ ಕಡೆ ಮೌನ. ಎಷ್ಟು ಸೆಕೆಂಡೋ ಗೊತ್ತಿಲ್ಲ, ಅಡುಗೆಮನೆಯಲ್ಲಿ ಕುಕ್ಕರ್ ಒಂದು ಸಲ ಕೂಗಿ ಮುಗಿಸಿತು. "ಪರವಾಗಿಲ್ಲ, ಹದಿನೇಳಾದ್ರೂ ಸರಿ" ಅನ್ನೋ ಮಾತು ಗಂಟಲವರೆಗೆ ಬಂದಿತ್ತು. ತುಟಿ ಕಚ್ಚಿ ಹಿಡಿದೆ. ಕೊನೆಗೆ ಅವರೇ "ಹೈರಿಂಗ್ ಮ್ಯಾನೇಜರ್ ಹತ್ರ ಮಾತಾಡಿ ಹೇಳ್ತೀನಿ" ಅಂದರು. ಎರಡು ದಿನ ಫೋನ್ ಇಲ್ಲ. ಆಫರ್ ವಾಪಸ್ ತಗೊಂಡರೇನೋ ಅಂತ ಊಟ ಸೇರಲಿಲ್ಲ. ಮೂರನೇ ದಿನ 17.6, ಪೂರ್ತಿ ಫಿಕ್ಸೆಡ್. ಒಪ್ಪಿಕೊಂಡೆ. ಅವತ್ತೂ ಪೇಪರ್ ಹಾಕಲಿಲ್ಲ, ಅಂದರೆ ರಾಜೀನಾಮೆ ಕೊಡಲಿಲ್ಲ. ಸೈನ್ ಆದ ಆಫರ್ ಲೆಟರ್ ಮೇಲ್‌ಗೆ ಬಂದ ಮೇಲೆ ಹಾಕಿದೆ.

ಒಂದು ಕಡೆ ಎಡವಿದೆ. 90 ದಿನದ ನೋಟಿಸ್‌ನಲ್ಲಿ 30 ದಿನ ಬೈಔಟ್ ಮಾಡಿಕೊಂಡು, ಅಂದರೆ ಆ ದಿನಗಳ ದುಡ್ಡು ಹಳೆ ಕಂಪನಿಗೆ ಕಟ್ಟಿ, ಬೇಗ ಬನ್ನಿ, ಆ ದುಡ್ಡು ನಾವು ಕೊಡ್ತೀವಿ ಅಂದರು. ಖುಷಿಯಿಂದ ಹೂಂ ಅಂದೆ. ಹಳೆ ಕಂಪನಿ ಫೈನಲ್ ಸೆಟಲ್‌ಮೆಂಟ್‌ನಲ್ಲಿ ಪೂರ್ತಿ ಹಿಡಿದುಕೊಂಡಿತು. ಹೊಸಬರು ಕೊಟ್ಟಿದ್ದು ಸಂಬಳದ ಜೊತೆ ಸೇರಿ ಬಂದು, ಅದರ ಮೇಲೆ ಟಿಡಿಎಸ್ ಕಟ್ ಆಯಿತು. ಕೈಯಿಂದ ಹೋಗಿದ್ದು ಪೂರ್ತಿ, ಬಂದಿದ್ದು ಅದಕ್ಕಿಂತ ಕಮ್ಮಿ. ಟ್ಯಾಕ್ಸ್ ಕಳೆದು ಕೈಗೆ ಎಷ್ಟು ಬರುತ್ತದೆ ಅಂತ ಮೊದಲೇ ಕೇಳಬೇಕಿತ್ತು.

ಹಳೆ ಮ್ಯಾನೇಜರ್ ಕೊನೆಯ ವಾರ 12 ಕೊಡಿಸ್ತೀನಿ ಇರಿ ಅಂದರು. ಮೂರು ವರ್ಷದಲ್ಲಿ ಸಿಗದ ಬಜೆಟ್ ಅದು, ಮೂರೇ ದಿನದಲ್ಲಿ ಸಿಕ್ಕಿತ್ತು.

ಈಗ ನಾನೇ ಇಂಟರ್‌ವ್ಯೂ ತಗೊಳ್ಳುತ್ತೇನೆ. ಹೋದ ವರ್ಷ ಅರಸೀಕೆರೆ ಕಡೆಯ ಹುಡುಗಿಯೊಬ್ಬಳು ಬಂದಿದ್ದಳು. ತಪ್ಪು ಇಂಗ್ಲಿಷಿನಲ್ಲಿ ಧೈರ್ಯವಾಗಿ ಮಾತಾಡುತ್ತಾ, ನಾನು ಅಂದುಕೊಂಡಿದ್ದಕ್ಕಿಂತ ಚೆನ್ನಾಗಿ ಬಿಡಿಸಿದಳು. ಸ್ಟ್ರಾಂಗ್ ಹೈರ್ ಅಂತ ಬರೆದೆ. ಆಮೇಲೆ ರಿಕ್ರೂಟರ್ ಶೀಟ್ ಕಣ್ಣಿಗೆ ಬಿತ್ತು. ಬಜೆಟ್ ಕಾಲಂನಲ್ಲಿ 14–18. ಎಕ್ಸ್‌ಪೆಕ್ಟೆಡ್ ಕಾಲಂನಲ್ಲಿ ಅವಳು ಹೇಳಿದ್ದು 9. ನಾನು ಅವಳಿಗೆ ಫೋನ್ ಮಾಡುವ ಹಾಗಿಲ್ಲ. ರಿಕ್ರೂಟರ್ ಹತ್ತಿರ ಹೋಗಿ, ಬಜೆಟ್ಟಿಗೆ ತಕ್ಕ ಹಾಗೆ ಕೊಡಿ, ಇಲ್ಲದಿದ್ದರೆ ಆರು ತಿಂಗಳಲ್ಲಿ ಬಿಟ್ಟು ಹೋಗ್ತಾಳೆ ಅಂತ ವಾದ ಮಾಡಿದೆ. 12ಕ್ಕೆ ಆಫರ್ ಹೋಯಿತು. ಕೇಳಿದ್ದಕ್ಕಿಂತ ಜಾಸ್ತಿ ಸಿಕ್ಕಿತು ಅಂತ ಅವಳು ಹತ್ತೇ ನಿಮಿಷದಲ್ಲಿ ಒಪ್ಪಿಕೊಂಡು ಥ್ಯಾಂಕ್ಸ್ ಮೇಲ್ ಕಳಿಸಿದಳು.