ಗಾಳಿಯೋ ನೀರೋ: ಚಂಡಮಾರುತದ ನಷ್ಟಕ್ಕಾಗಿ ವಿಮಾ ಕಂಪನಿಯ ಮೇಲೆ ದಾವೆ ಹೂಡುವ ಮುನ್ನ

ಅಮೆರಿಕದ ಕರಾವಳಿ ರಾಜ್ಯಗಳಲ್ಲಿ ಮನೆ ಕೊಂಡಿರುವ ಕನ್ನಡಿಗರು ಮೊದಲು ತಿಳಿದಿರಬೇಕಾದ ಸಂಗತಿಯೆಂದರೆ, ಅಲ್ಲಿನ ಮನೆವಿಮೆ ಸಾಮಾನ್ಯವಾಗಿ ಚಂಡಮಾರುತದ ಗಾಳಿಯಿಂದಾದ ಹಾನಿಯನ್ನು ತುಂಬಿಕೊಡುತ್ತದೆಯೇ ಹೊರತು ನೆರೆನೀರಿನ ಹಾನಿಯನ್ನಲ್ಲ. ನೆರೆಗೆ ಪ್ರತ್ಯೇಕ ಪಾಲಿಸಿ ಬೇಕು. ಹೆಚ್ಚಿನವರು ಕೊಳ್ಳುವ ರಾಷ್ಟ್ರೀಯ ನೆರೆವಿಮಾ ಯೋಜನೆಯಲ್ಲಿ ಒಂದು ಕುಟುಂಬದ ಮನೆಯ ಕಟ್ಟಡಕ್ಕೆ ಗರಿಷ್ಠ 2,50,000 ಡಾಲರ್ ಸಿಗುತ್ತದೆ. ಸಾಮಾನ್ಯವಾಗಿ 30 ದಿನಗಳ ನಂತರವೇ ಅದು ಜಾರಿಗೆ ಬರುವುದರಿಂದ, ಮುನ್ಸೂಚನೆ ಕೇಳಿ ಕೊಳ್ಳಲು ಓಡಿದರೆ ಪ್ರಯೋಜನವಿಲ್ಲ.

ದಾವೆಗಳು ಹುಟ್ಟುವುದು ಈ ಎರಡು ಪಾಲಿಸಿಗಳ ನಡುವೆಯೇ. 2005ರ ಕತ್ರೀನಾ ಚಂಡಮಾರುತದ ನಂತರ ಮಿಸಿಸಿಪ್ಪಿ ತೀರದ ಎಷ್ಟೋ ಮನೆಗಳಲ್ಲಿ ಅಡಿಪಾಯ ಮಾತ್ರ ಉಳಿದಿತ್ತು. ಗಾಳಿ ಮತ್ತು ನೀರು ಎರಡೂ ಕಾರಣವಾದ ನಷ್ಟಕ್ಕೆ ತಾವು ಹೊಣೆಯಲ್ಲ ಎಂಬ ಷರತ್ತನ್ನು ಕಂಪನಿಗಳು ಮುಂದಿಟ್ಟವು. 2007ರಲ್ಲಿ ಐದನೇ ಸರ್ಕ್ಯೂಟ್ ಮೇಲ್ಮನವಿ ನ್ಯಾಯಾಲಯ (ಮಿಸಿಸಿಪ್ಪಿಯನ್ನೂ ಒಳಗೊಂಡ ಪ್ರದೇಶದ ಫೆಡರಲ್ ನ್ಯಾಯಾಲಯ) ಅದನ್ನು ಎತ್ತಿಹಿಡಿಯಿತು. ಆದರೆ 2009ರಲ್ಲಿ ಮಿಸಿಸಿಪ್ಪಿಯ ಸರ್ವೋಚ್ಚ ನ್ಯಾಯಾಲಯವು, ಗಾಳಿ ಮೊದಲೇ ಮಾಡಿದ ಹಾನಿಯ ಪರಿಹಾರವನ್ನು ಆಮೇಲೆ ನುಗ್ಗಿದ ನೀರು ಅಳಿಸಿಹಾಕಲಾರದೆಂದು ತೀರ್ಪಿತ್ತಿತು. ಈ ತೀರ್ಪು ಬೇರೆ ರಾಜ್ಯಗಳನ್ನು ಕಟ್ಟಿಹಾಕುವುದಿಲ್ಲವಾದರೂ, ಯಾವುದು ಮೊದಲು ಬಂತೆಂಬುದಕ್ಕೆ ಸಾಕ್ಷ್ಯ ಎಷ್ಟು ಮುಖ್ಯವೆಂಬುದನ್ನು ಅದು ತೋರಿಸುತ್ತದೆ. ಆದ್ದರಿಂದ ಚಾವಣಿ, ಕಿಟಕಿ ಮತ್ತು ಗೋಡೆಯ ಮೇಲಿನ ನೀರಿನ ಗುರುತುಗಳ ಚಿತ್ರಗಳನ್ನು ದುರಸ್ತಿಗೆ ಮೊದಲೇ ತೆಗೆದಿಡಬೇಕು. ಕಂಪನಿಯ ಅಡ್ಜಸ್ಟರ್ (ಹಾನಿಯನ್ನು ಪರಿಶೀಲಿಸಿ ಅಂದಾಜು ಮಾಡುವವರು) ಬರೆದ ವರದಿಯ ಪ್ರತಿಯನ್ನೂ ಕೇಳಿ ಪಡೆಯಬೇಕು.

ಫ್ಲೋರಿಡಾದಲ್ಲಿ 2022ರ ಡಿಸೆಂಬರ್‌ನಲ್ಲಿ ಕಾನೂನು ಬಿಗಿಯಾಯಿತು. ಅದರ ನಂತರ ಕೊಂಡ ಅಥವಾ ನವೀಕರಿಸಿದ ಪಾಲಿಸಿಗಳಲ್ಲಿ, ನಷ್ಟವಾದ ಒಂದು ವರ್ಷದೊಳಗೆ ಕ್ಲೇಮು ತಿಳಿಸಬೇಕು. ಕಂಪನಿ ಸಾಮಾನ್ಯವಾಗಿ 60 ದಿನಗಳೊಳಗೆ ಹಣ ಕೊಡಬೇಕು ಇಲ್ಲವೇ ನಿರಾಕರಿಸಬೇಕು. ದಾವೆ ಗೆದ್ದರೆ ವಕೀಲರ ಶುಲ್ಕವನ್ನು ಕಂಪನಿಯೇ ಭರಿಸಬೇಕೆಂಬ ಹಳೆಯ ನಿಯಮ ಈಗಿಲ್ಲ, ಆ ಹಣ ಬಹುಮಟ್ಟಿಗೆ ನಿಮ್ಮ ಪರಿಹಾರದಿಂದಲೇ ಕಡಿತವಾಗುತ್ತದೆ. ಜೊತೆಗೆ ಚಂಡಮಾರುತದ ಡಿಡಕ್ಟಿಬಲ್, ಅಂದರೆ ನಷ್ಟದಲ್ಲಿ ನೀವೇ ಭರಿಸಬೇಕಾದ ಮೊದಲ ಭಾಗ, ಹೆಚ್ಚಾಗಿ ಮನೆಯ ವಿಮಾ ಮೊತ್ತದ ಶೇಕಡಾವಾರು ಲೆಕ್ಕದಲ್ಲಿರುತ್ತದೆ: 4 ಲಕ್ಷ ಡಾಲರ್ ವಿಮೆಗೆ ಶೇ. 2 ಎಂದರೆ ಮೊದಲ 8,000 ಡಾಲರ್ ನಿಮ್ಮದೇ ಹೊರೆ. ಹೀಗಾಗಿ ಸಣ್ಣ ವ್ಯಾಜ್ಯಗಳಿಗೆ ರಾಜ್ಯದ ಹಣಕಾಸು ಸೇವೆಗಳ ಇಲಾಖೆಯ ಮಧ್ಯಸ್ಥಿಕೆಯೇ ಲೇಸೆಂದು ನನಗನಿಸುತ್ತದೆ. ದಾವೆಯೇ ಬೇಕೆಂದರೆ, ಕನಿಷ್ಠ 10 ಕೆಲಸದ ದಿನಗಳ ಮೊದಲು ಆ ಇಲಾಖೆಯ ಮೂಲಕ ನೋಟಿಸು ಕೊಡಬೇಕು.

ರಾಷ್ಟ್ರೀಯ ಯೋಜನೆಯ ನೆರೆಪಾಲಿಸಿಯ ದಾರಿಯೇ ಬೇರೆ. ಅಲ್ಲಿ ನಷ್ಟದ ಪ್ರಮಾಣಪತ್ರವನ್ನು (ನಷ್ಟದ ಮೊತ್ತವನ್ನು ನೀವೇ ಪ್ರಮಾಣೀಕರಿಸಿ ಸಹಿ ಮಾಡುವ ಹೇಳಿಕೆ) ಸಾಮಾನ್ಯವಾಗಿ 60 ದಿನಗಳೊಳಗೆ ಸಲ್ಲಿಸಬೇಕು. ಲಿಖಿತ ನಿರಾಕರಣೆ ಬಂದ ಒಂದು ವರ್ಷದೊಳಗೆ ಫೆಡರಲ್ ನ್ಯಾಯಾಲಯದಲ್ಲೇ ದಾವೆ ಹೂಡಬೇಕು. ನಡುವೆ ಈ ಯೋಜನೆ ನಡೆಸುವ ಫೆಡರಲ್ ತುರ್ತುಪರಿಸ್ಥಿತಿ ನಿರ್ವಹಣಾ ಸಂಸ್ಥೆಯಾದ ಫೀಮಾಕ್ಕೆ ಮೇಲ್ಮನವಿ ಸಲ್ಲಿಸಿದರೂ ಈ ಅವಧಿ ವಿಸ್ತರಿಸುವುದಿಲ್ಲ.